ಹಲಸಿನ ಹಲಗೆಗೊಂದು ಕತ್ತು

ಮರಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಒಂದಾನೊಂದು ಊರಿನ ಗದ್ದೆಯಂಚಿನಲ್ಲಿ, ಒಂದು ಹಲಸಿನ ದಿಮ್ಮಿ ಬಿದ್ದುಕೊಂಡಿತ್ತಂತೆ. ಅದಕ್ಕೆ ಹಾಡಬೇಕೆಂದು ಬಲು ಆಸೆ. ಹೊಟ್ಟೆ ಇತ್ತು, ಹೊಟ್ಟೆಯೊಳಗೆ ಹಾಡೂ ಇತ್ತು, ಕತ್ತು ಮಾತ್ರ ಇರಲಿಲ್ಲ. ಕತ್ತಿಲ್ಲದೆ ಹಾಡು ಮೇಲೆ ಬರುವುದು ಹೇಗೆ? ದಿಮ್ಮಿ ಉರುಳುರುಳಿಕೊಂಡು ಕೊಕ್ಕರೆಯ ಹತ್ತಿರ ಹೋಯಿತಂತೆ. ಕೊಕ್ಕರೆಯಕ್ಕಾ, ಒಂದು ದಿನದ ಮಟ್ಟಿಗೆ ನಿನ್ನ ಕತ್ತು ಕೊಡ್ತೀಯಾ ಎಂದಿತಂತೆ. ಕೊಡಬಹುದಿತ್ತು ಮಗಾ, ಆದರೆ ಮೀನು ಕಂಡರೆ ಇದು ನನ್ನ ಮಾತೇ ಕೇಳುವುದಿಲ್ಲ, ನಿನ್ನ ಮಾತು ಕೇಳೀತಾ ಎಂದಿತಂತೆ ಕೊಕ್ಕರೆ. ದಿಮ್ಮಿ ಮುಂದಕ್ಕೆ ಉರುಳಿ ಆಮೆಯನ್ನು ಕೇಳಿತು. ಆಮೆಯ ಕತ್ತು ಒಳ್ಳೆಯದೇ. ಆದರೆ ಯಾರಾದರೂ ಕೆಮ್ಮಿದರೂ ಸಾಕು, ಒಳಗೆ ಹೋಗಿಬಿಡುತ್ತಿತ್ತು. ದಿಮ್ಮಿ ಮತ್ತೆ ಉರುಳಿತು.

ಕತೆ ಇಲ್ಲಿಗೆ ಬರುವಷ್ಟರಲ್ಲಿ ಅಜ್ಜಿಗೆ ತೂಕಡಿಕೆ. ಚಿಕ್ಕ ಯಕ್ಷಿತಾ ಅವಳ ತೋಳು ಅಲುಗಿಸಿ, ಮತ್ತೆ, ಕತ್ತು ಸಿಕ್ಕಿತಾ ಎಂದು ಕೇಳಿದರೆ, ನಾಳೆ ಸಿಗ್ತದೆ ಎಂದು ಗೋಡೆಯ ಕಡೆಗೆ ಹೊರಳುತ್ತಿದ್ದಳು. ನಾಳೆ ದಿಮ್ಮಿ ಪುನಃ ಕೊಕ್ಕರೆಯಿಂದಲೇ ಶುರು ಮಾಡುತ್ತಿತ್ತು.

ಯಕ್ಷಿತಾ ಬೆಳೆದು ಗೋರೆಗಾಂವಿನಲ್ಲಿ ಸಿನಿಮಾ ಸೆಟ್ಟುಗಳ ಆರ್ಟ್ ಡಿಪಾರ್ಟ್‌ಮೆಂಟಿನಲ್ಲಿ ಕೆಲಸಕ್ಕೆ ಸೇರಿ, ಇಲ್ಲದ ಅರಮನೆಗಳಿಗೆ ಬಣ್ಣ ಬಳಿಯುವುದನ್ನು ಕಲಿತ ಮೇಲೂ ಆ ದಿಮ್ಮಿಗೆ ಕತ್ತು ಸಿಕ್ಕಿರಲಿಲ್ಲ. ಈಗಂತೂ ಚೆಂಬೂರಿನ ಅವರ ಮನೆಯಲ್ಲಿ, ಅಜ್ಜಿಯ ಮಂಚದ ಕೆಳಗೆ, ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಹಲಸಿನ ಮರದ ಗಿಟಾರು ನಿಜವಾಗಿಯೂ ಕತ್ತಿಲ್ಲದೆ ಮಲಗಿತ್ತು.

ಅದು ಮೊದಲು ಗಿಟಾರಾಗಿರಲಿಲ್ಲ. ಅಪ್ಪ ಕೆಲಸ ಮಾಡುವ ವಡಾಲದ ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ದಪ್ಪ ಹಲಗೆಯಾಗಿತ್ತು. ಹೊಸ ಸ್ಟೀಲಿನ ಮೇಜು ಬಂದಾಗ ಅದನ್ನು ಹೊರಗೆ ಹಾಕಿದರು. ಊರಿನ ಹಲಸು, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ ಎಂದು ಅಪ್ಪ ದೂಜ ಅದನ್ನು ಹೆಗಲ ಮೇಲೆ ಹೊತ್ತು ಲೋಕಲ್ ರೈಲು ಹತ್ತಿ ಮನೆಗೆ ತಂದಿದ್ದ.

ದೂಜ ಒಂದು ಕಾಲದಲ್ಲಿ ಆರ್ಕೆಸ್ಟ್ರಾದ ಗಿಟಾರಿನವನು. ಹಗಲು ಹೋಟೆಲಿನ ಅಡುಗೆ, ಸಂಜೆ ಮದುವೆ ಹಾಲ್‌ಗಳಲ್ಲಿ ಗಿಟಾರು. ಯಾವ ಊರಿನ ಯಾವ ಹಾಡು ನುಡಿಸಿ ಬಂದರೂ, ಮನೆಗೆ ಬಂದು ಅಜ್ಜಿಯ ಜೋಗುಳದ ಧಾಟಿಯೊಂದನ್ನು ಒಮ್ಮೆ ನುಡಿಸಿಯೇ ಊಟಕ್ಕೆ ಕೂರುತ್ತಿದ್ದ. ಅಜ್ಜಿ ಅವನನ್ನು ತೊಟ್ಟಿಲಲ್ಲಿ ತೂಗಿದ್ದ ಧಾಟಿ ಅದು. ಒಂದು ದಿನ ಅವನ ಎಡಗೈ ರುಬ್ಬುವ ಯಂತ್ರಕ್ಕೆ ಸಿಕ್ಕಿತು. ಬೆರಳುಗಳು ಉಳಿದವು, ಆದರೆ ಮುಷ್ಟಿ ಪೂರ್ತಿ ಮುಚ್ಚುವುದನ್ನು ಮರೆತವು. ಗಿಟಾರನ್ನು ಯಾರಿಗೋ ಕೊಟ್ಟುಬಿಟ್ಟ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ, ಯಾರಾದರೂ ಎತ್ತಿದರೆ ಚಟ್ನಿಗೆ ಉಪ್ಪು ಸರಿ ಉಂಟಾ ಎಂದು ಕೇಳುತ್ತಿದ್ದ.

ಮಾತೆತ್ತಿದವಳು ಅಜ್ಜಿ. ಅವಳ ಬಲಗಿವಿ ಯಾವತ್ತೋ ಮುಚ್ಚಿತ್ತು. ಎಡಗಿವಿಯೂ ಇಳಿತದ ಸಮುದ್ರದ ಹಾಗೆ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತಿತ್ತು. ಕಿವಿಯ ಮೆಶಿನ್ ಕೊಡಿಸಿದರೆ, ಚೆಂಬೂರಿನ ರಿಕ್ಷಾಗಳೆಲ್ಲ ತಲೆಯೊಳಗೆ ಬಂದು ನಿಲ್ಲುತ್ತವೆ ಎಂದು ತೆಗೆದು ಸಕ್ಕರೆ ಡಬ್ಬದಲ್ಲಿಟ್ಟಳು. ಒಂದು ಸಂಜೆ ಹೂ ಕಟ್ಟುತ್ತಾ, ಪೂರ್ತಿ ಮುಚ್ಚುವ ಮೊದಲು ದೂಜನ ಕೈಯಲ್ಲಿ ಆ ಜೋಗುಳ ಒಂದು ಸಲ ಕೇಳಿದ್ದರೆ ಆಗ್ತಿತ್ತು ಎಂದಳು. ಯಾರಿಗೂ ಹೇಳಿದ್ದಲ್ಲ, ಹೂವಿಗೆ ಹೇಳಿದ ಹಾಗಿತ್ತು. ಕೇಳಿಸಿಕೊಂಡ ಯಕ್ಷಿತಾ ಅವಳ ಎಡಗಿವಿಗೆ ಬಾಯಿಟ್ಟು ಹೇಳಿದಳು:

"ಚೌತಿಯ ಮೊದಲು ಕೇಳಿಸ್ತೇನೆ ಅಜ್ಜಿ. ನನ್ನ ಮಾತು."

ಮಾತು ಕೊಡುವುದು ಸುಲಭ. ಕರೆಂಟಿನ ಗಿಟಾರಾದರೆ ಅಜ್ಜಿಯ ಕಿವಿಗೆ ಮುಟ್ಟುವಷ್ಟು ಸದ್ದು ಏರಿಸಬಹುದು, ಅಲ್ಲಿಗೆ ಅರ್ಧ ಕೆಲಸ ಆಯಿತು ಎಂದುಕೊಂಡಳು. ಅಪ್ಪನನ್ನು ಒತ್ತಾಯಿಸಿ ಅಂಗಡಿಗೆ ಕರೆದುಕೊಂಡು ಹೋದಳು. ಅವನು ಒಂದೊಂದನ್ನೂ ತೊಡೆಯ ಮೇಲಿಟ್ಟು, ಎಡಗೈಯಿಂದ ಒಮ್ಮೆ ಹಿಡಿದು, ಹಸುಗೂಸನ್ನು ಹಿಂದಿರುಗಿಸುವವನ ಹಾಗೆ ಮೆಲ್ಲಗೆ ವಾಪಸು ಇಟ್ಟ. ಕೈಗೆ ಹಿಡಿತ ಸಿಗುತ್ತಿರಲಿಲ್ಲ. ಆಗ ಅವಳಿಗೆ ಹೊಳೆದದ್ದು, ಗಿಟಾರನ್ನು ಬಿಡಿಬಿಡಿಯಾಗಿ ತಂದು ಜೋಡಿಸಬಹುದು, ಹಾಗೆ ಜೋಡಿಸುವಾಗ ಎಡಗೈ ಹಿಡಿಯುವ ಆ ಉದ್ದನೆಯ ಕತ್ತನ್ನು ನಾವೇ ಆರಿಸಬಹುದು ಎಂದು. ಕರೆಂಟಿನ ಗಿಟಾರಿನ ಒಡಲು ಟೊಳ್ಳಾಗಬೇಕಿಲ್ಲ, ಅದಕ್ಕೆ ಮಂಚದ ಕೆಳಗಿನ ಹಲಗೆ ಇದ್ದೇ ಇತ್ತು.

ಹಲಗೆಯನ್ನು ಕೊರೆದು ಆಕಾರ ಕೊಟ್ಟವನು ಯಲ್ಲಾಲಿಂಗ. ವಿಜಯಪುರದ ಕಡೆಯವನು, ಅವಳ ಸೆಟ್ಟಿನ ಬಡಗಿ. ಅದಕ್ಕೂ ಮೊದಲು ಬಹಳ ವರ್ಷ ಬಿಲ್ಡಿಂಗುಗಳಿಗೆ ಬಾಗಿಲು ಕೂರಿಸಿದವನು. ಊಟದ ಬಿಡುವಿನಲ್ಲಿ ಅವಳು ಬರೆದುಕೊಟ್ಟ ಗೆರೆಯ ಮೇಲೆ ಕತ್ತರಿಸಿ, ಉಜ್ಜಿ, ಮೇಲುಗಡೆ ಕತ್ತು ಕೂರುವ ಗೂಡನ್ನೂ ಕೊರೆದುಕೊಟ್ಟ.

ಯಕ್ಷಿತಾ ಕತ್ತು ತಂದಳು. ಅಂಗಡಿಯ ಗಿಟಾರುಗಳ ಕತ್ತೇ ಅಪ್ಪನ ಕೈಗೆ ದಪ್ಪವಾಯಿತು, ಆದ್ದರಿಂದ ಅವುಗಳಿಗಿಂತ ತೆಳ್ಳಗಿನದು ಬೇಕು ಎಂದು ಲೆಕ್ಕ ಹಾಕಿ, ಹುಡುಕಿ ಹುಡುಕಿ, ಕೊಕ್ಕರೆಯ ಕತ್ತಿನಂಥದ್ದನ್ನೇ ತರಿಸಿದ್ದಳು. ಬಿಳಿ ಮೇಪಲ್ ಮರ, ಬೆನ್ನು ಚಪ್ಪಟೆ, ಮುಟ್ಟಿದರೆ ಬೆರಳು ಜಾರುತ್ತಿತ್ತು. ಅಷ್ಟು ಚೆಂದದ್ದನ್ನು ಅವಳು ಸೆಟ್ಟಿನಲ್ಲೂ ನೋಡಿರಲಿಲ್ಲ.

ಅದನ್ನು ಗೂಡಿನಲ್ಲಿಟ್ಟರೆ ಸಡಿಲ ಹಲ್ಲಿನ ಹಾಗೆ ಅಲುಗಿತು. ಎರಡೂ ಬದಿಯಲ್ಲಿ ಸಂದು. ಕತ್ತು ಅಲುಗಿದರೆ ತಂತಿ ಓರೆಯಾಗುತ್ತದೆ, ತಂತಿ ಓರೆಯಾದರೆ ಸ್ವರ ಜಾರುತ್ತದೆ. ಒಡಲನ್ನು ಎತ್ತಿಕೊಂಡು ಹೋಗಿ ಯಲ್ಲಾಲಿಂಗನಿಗೆ ತೋರಿಸಿದಳು. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

"ಮಳಿಗಾಲಕ್ಕ ಜಾಗಾ ಬಿಟ್ಟೀನ್ರಿ ಅಕ್ಕಾರ. ಈ ಮುಂಬೈ ಹವಾಕ್ಕ ಕಟಗಿ ಉಬ್ಬತೈತಿ. ಬಿಗಿಯಾಗಿ ಕೂಡಿಸಿದ್ರ ಬಾಗಲಾ ಕಚ್ಚಿಕೊಂಡು ಕುಂದರತೈತ್ರಿ."

"ಇದು ಬಾಗಿಲಲ್ಲ ಯಲ್ಲಾಲಿಂಗಣ್ಣ, ಗಿಟಾರು."

"ಗಿಟಾರಿಗೆ ಬ್ಯಾರೆ ಮಳಿ ಇರತೈತೇನ್ರಿ?"

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಬಾಗಿಲಿಗೆ ತೆರೆಯುವ, ಮುಚ್ಚುವ ಕೆಲಸ. ಈ ಕತ್ತು ಒಮ್ಮೆ ಕೂತರೆ ಕೂತೇ ಇರಬೇಕು ಎಂದು ವಿವರಿಸಿದ ಮೇಲೆ ಅವನು ಗೂಡನ್ನು ಹೆಬ್ಬೆರಳಿನಿಂದ ಸವರಿ, ತಲೆ ಕೆರೆದುಕೊಂಡು, ಕೈ ಬಾಗಲಕ್ಕ ರೂಢಿ ಬಿದ್ದುಬಿಟ್ಟೈತಿ ಎಂದ. ಕೊರೆದ ಮರ ಮರಳಿ ಬೆಳೆಯುವುದಿಲ್ಲ. ಎರಡೂ ಬದಿಗೆ ಅಷ್ಟು ದಪ್ಪದ ಚಕ್ಕೆ ತುಂಬಿದರೆ ಕತ್ತು ನಿಂತೀತು, ಆದರೆ ಮರಕ್ಕೂ ಮರಕ್ಕೂ ನಡುವೆ ಅಂಟೇ ಹೆಚ್ಚಾಗಿ ಸದ್ದು ಸಾಯುತ್ತದೆ ಎಂದು ಅವಳು ಓದಿದ್ದಳು.

ಅದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿ ಕಾದಿತ್ತು. ಬಿಡಿಯಾದ ಕತ್ತನ್ನೇ ಅಪ್ಪನ ಕೈಗೆ ಕೊಟ್ಟು ಹಿಡಿದು ನೋಡು ಎಂದಳು. ಅವನು ಹಿಡಿದ. ಅಷ್ಟು ತೆಳ್ಳಗಿನದನ್ನು ಒತ್ತಲು ಬೆರಳುಗಳು ಇನ್ನೂ ಒಳಕ್ಕೆ ಮಡಚಬೇಕಿತ್ತು. ಅವು ಅರ್ಧ ದಾರಿಯಲ್ಲಿ ನಿಂತು ಸಣ್ಣಗೆ ನಡುಗಿದವು. ಹೆಬ್ಬೆರಳಿನ ಬುಡ ಬೆಳ್ಳಗಾಯಿತು. ಅವನು ಕತ್ತನ್ನು ಮೇಜಿನ ಮೇಲಿಟ್ಟು ಹೇಳಿದ:

"ಪಾಲಿಶ್ ಚೆಂದ ಉಂಟು ಮಗಾ."

ಇಷ್ಟೇ. ಆಮೇಲೆ ಚಟ್ನಿಗೆ ಉಪ್ಪು ಸರಿ ಉಂಟಾ ಎಂದು ಕೇಳಿದ. ಆ ಹೊತ್ತಿಗೆ ಮನೆಯಲ್ಲಿ ಚಟ್ನಿಯೇ ಇರಲಿಲ್ಲ.

ಯಕ್ಷಿತಾ ಕತ್ತನ್ನು ವಾಪಸು ಕಳಿಸಿದಳು. ಕುಕ್ಕರಿನ ಸೀಟಿಗೂ ತಲೆ ಎತ್ತದೆ ಅಜ್ಜಿ ಹೂ ಕಟ್ಟುತ್ತಾ ಕೂತಿದ್ದಳು. ಹೋದ ತಿಂಗಳು ಅದೇ ಸೀಟಿಗೆ ಅಜ್ಜಿ, ಗ್ಯಾಸ್ ಆಫ್ ಮಾಡು ವಿನೋದಿನಿ ಎಂದು ಅಮ್ಮನನ್ನು ಕೂಗುತ್ತಿದ್ದಳು.

ಗೂಡನ್ನು ಇನ್ನೇನಾದರೂ ಮಾಡಬಹುದೇ ಎಂದು ಯಲ್ಲಾಲಿಂಗನನ್ನು ಕೇಳಲು, ಮರುದಿನ ಬೆಳಿಗ್ಗೆ ಒಡಲನ್ನು ಪುನಃ ಗೋರೆಗಾಂವಿಗೆ ಒಯ್ಯಬೇಕಿತ್ತು. ಮಳೆ ಹುಯ್ಯುತ್ತಿತ್ತು. ಅಕ್ಕಿಯ ಚೀಲದಲ್ಲಿ ಸುತ್ತಿದ ಹಲಸು ಹೆಣಭಾರ. ವಡಾಲದವರೆಗೆ ನಾನು ಹೊರುತ್ತೇನೆ, ಅಲ್ಲಿ ನೀನು ಗೋರೆಗಾಂವ್ ಗಾಡಿ ಹಿಡಿ ಎಂದ ಅಪ್ಪ. ಇಷ್ಟು ವರ್ಷ ಅವರಿಬ್ಬರೂ ಒಂದೇ ಪ್ಲಾಟ್‌ಫಾರ್ಮಿನಿಂದ ಒಂದೇ ಗಾಡಿ ಹತ್ತಿದವರೇ. ಆದರೆ ಅವಳು ಲೇಡೀಸ್ ಡಬ್ಬಕ್ಕೆ, ಅವನು ಜನರಲ್ ಡಬ್ಬಕ್ಕೆ. ಅಪ್ಪ ಲೋಕಲಿನೊಳಗೆ ಹೇಗೆ ನಿಲ್ಲುತ್ತಾನೆ ಎಂಬುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಆ ದಿನ ಅವಳೂ ಜನರಲ್ ಡಬ್ಬವನ್ನೇ ಹತ್ತಿ, ನೋಡಿದಳು. ಕುರ್ಲಾದಲ್ಲಿ ಜನ ನುಗ್ಗಿದಾಗ ಎಲ್ಲರೂ ಮೇಲೆ ತೂಗುವ ಹಿಡಿಕೆಗೆ ಕೈ ಚಾಚಿದರು. ದೂಜ ಚಾಚಲಿಲ್ಲ. ಬಲಗೈಯಲ್ಲಿ ಚೀಲ ಅವುಚಿಕೊಂಡು, ಎಡಗೈಯಿಂದ ಬಾಗಿಲ ಬಳಿಯ ನಿಲುವು ಕಂಬವನ್ನು ಹಿಡಿದ. ತೆಳ್ಳಗಿನ ಹಿಡಿಕೆಗೆ ಮುಚ್ಚದ ಬೆರಳುಗಳು ಆ ದಪ್ಪ ಕಂಬದ ಸುತ್ತ ತಾವಾಗಿಯೇ ಹೋಗಿ ಕೂತಿದ್ದವು. ಗಾಡಿ ಜೋಲಿ ಹೊಡೆದರೂ ಕೈ ನಡುಗಲಿಲ್ಲ. ಇನ್ನೂ ವಿಚಿತ್ರವೆಂದರೆ, ಚುನಾಭಟ್ಟಿ ದಾಟುವಾಗ, ಹೊರಗೆ ಮಳೆಯನ್ನೇ ನೋಡುತ್ತಿದ್ದ ಅಪ್ಪನ ಬೆರಳುಗಳು ಕಂಬದ ಮೇಲೆ ಒಂದೊಂದಾಗಿ ಎದ್ದು ಕೂರುತ್ತಿದ್ದವು. ಅವನಿಗೆ ಅದು ಗೊತ್ತೇ ಇರಲಿಲ್ಲ. ಯಕ್ಷಿತಾಳಿಗೆ ಗೊತ್ತಾಯಿತು. ಅದು ಜೋಗುಳದ ಮೊದಲ ಸಾಲು.

ತೆಳ್ಳಗಿನದನ್ನು ಹುಡುಕಿದ್ದೇ ತಪ್ಪು. ಪೂರ್ತಿ ಮುಚ್ಚಲಾಗದ ಕೈಗೆ, ಅಂಗೈಯ ಖಾಲಿಯನ್ನು ತುಂಬುವ ಕತ್ತು ಬೇಕು. ವಡಾಲದಲ್ಲಿ ಇಳಿದು ಚೀಲ ತೆಗೆದುಕೊಳ್ಳುವಾಗ ಅವಳು ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಎಂತ, ಮಸಿ ಆಗಿದೆಯಾ ಎಂದು ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಎಷ್ಟು ದಪ್ಪ ಎಂಬುದು ಆ ವಾರದ ರಜೆಯ ದಿನ ಅಡುಗೆಮನೆಯಲ್ಲಿ ಸಿಕ್ಕಿತು. ಅಮ್ಮ ಸೇಮಿಗೆಗೆ ಅಕ್ಕಿ ರುಬ್ಬಿ, ಹಿಟ್ಟಿನ ಮುದ್ದೆಗಳನ್ನು ಬೇಯಿಸಿದ್ದಳು. ಸುಡುಸುಡುವ ಮುದ್ದೆಗಳನ್ನು ಒಂದೊಂದಾಗಿ ಎತ್ತಿ ಒತ್ತುವ ಮಣೆಗೆ ಹಾಕುವುದು ಯಾವತ್ತೂ ಅಪ್ಪನ ಕೆಲಸ. ಅವನು ಎಡಗೈಯಲ್ಲಿ ಹಿಡಿದು ಉದ್ದಕ್ಕೆ ನಾದಿದ ಒಂದು ಮುದ್ದೆಯ ನಡುವಿನಲ್ಲಿ, ಅವನ ಅರೆಮುಚ್ಚಿದ ಮುಷ್ಟಿ ಅಚ್ಚು ಒತ್ತಿದ ಹಾಗೆ ಮೂಡಿತ್ತು. ಮಣೆಗೆ ಬೀಳುವ ಮೊದಲೇ ಯಕ್ಷಿತಾ ಅದನ್ನು ಕಸಿದುಕೊಂಡಳು. ಅಜ್ಜಿಯ ಹೂ ಕಟ್ಟುವ ದಾರ ತಂದು, ಬೆರಳಚ್ಚಿನ ಕುಳಿಯ ಸುತ್ತ ಸುತ್ತಿ, ಎರಡು ತುದಿ ಕೂಡುವಲ್ಲಿ ಒಂದೊಂದು ಗಂಟು ಹಾಕಿ, ಬಳೆಯ ಹಾಗೆ ಸೇರಿಸಿದಳು.

"ಇನ್ನು ಹೊಟ್ಟೆಗೆ ಹಾಕುವುದನ್ನೂ ಬಿಡುವುದಿಲ್ಲ ಇವಳು," ಎಂದಳು ವಿನೋದಿನಿ.

ದಾರದ ಬಳೆಯನ್ನು ಪರ್ಸಿನಲ್ಲಿಟ್ಟುಕೊಂಡು ಅವಳು ಅಂಗಡಿ ಅಂಗಡಿ ಸುತ್ತಿದಳು. ಎಲ್ಲ ಕತ್ತುಗಳ ಮೇಲೂ ಬಳೆ ಸಡಿಲವಾಗಿ ಜಾರಿ ಕೆಳಗಿಳಿಯಿತು. ಈಗಿನವರೆಲ್ಲ ತೆಳ್ಳಗಿನದನ್ನೇ ಕೇಳುತ್ತಾರೆ ಎಂದರು ಅಂಗಡಿಯವರು. ಚೌತಿ ಹತ್ತಿರವಾಗುತ್ತಿತ್ತು. ಬೀದಿಗಳಲ್ಲಿ ಚಪ್ಪರಕ್ಕೆ ಬಿದಿರು ಬಂದು ಬಿದ್ದಿತ್ತು.

ಕೊನೆಗೆ ಅವಳು ಹೋದದ್ದು ತನ್ನದೇ ಕೆಲಸದ ಜಾಗದ ಗೋದಾಮಿಗೆ. ಮುಗಿದ ಸಿನಿಮಾಗಳ ಸಾಮಾನು ಅಲ್ಲಿ ಬಂದು ಸೇರುತ್ತದೆ. ಥರ್ಮಾಕೋಲಿನ ಕಂಬಗಳು, ನೀರಿಲ್ಲದ ನಲ್ಲಿಗಳು, ಒಂದು ಮೂಲೆಯಲ್ಲಿ ಗಿಟಾರುಗಳ ರಾಶಿ. ಗೋದಾಮು ನೋಡಿಕೊಳ್ಳುವ ಶಾಂತಪ್ಪ, ಅವೆಲ್ಲ ಬರೀ ಕುಣಿಯುವ ಹೀರೋಗಳದ್ದು, ಒಂದಕ್ಕೂ ದನಿ ಇಲ್ಲ ಎಂದು ಮೊದಲೇ ಹೇಳಿದ. ಹೆಚ್ಚಿನವು ಪ್ಲೈವುಡ್ಡಿನವು. ಅವುಗಳ ಅಡಿಯಲ್ಲಿ ಒಂದು ಮಾತ್ರ ನಿಜವಾದದ್ದು. ಯಾವುದೋ ಜಗಳದ ದೃಶ್ಯದಲ್ಲಿ ನೆಲಕ್ಕೆ ಬಡಿದು ಒಡಲು ಸೀಳಿಹೋಗಿತ್ತು. ಕತ್ತು ನೆಟ್ಟಗಿತ್ತು. ಯಾರೋ ಹಳಬರು ಕೈಯಲ್ಲೇ ಕೆತ್ತಿದ್ದಿರಬೇಕು. ಕಂದು ಬಣ್ಣ, ದುಂಡು ಬೆನ್ನು, ಒಳ್ಳೆ ಒನಕೆಯಂಥ ದಪ್ಪ.

ಅವಳು ದಾರದ ಬಳೆಯನ್ನು ಬಿಚ್ಚಿ ಅದರ ಸುತ್ತ ಹಾಕಿದಳು. ಗಂಟು ಗಂಟಿಗೆ ಸರಿಯಾಗಿ ಬಂದು ಕೂತಿತು.

ಆದರೂ ತಡೆದಳು. ಒಮ್ಮೆ ಚೆಂದಕ್ಕೆ ಮರುಳಾಗಿ ಕೆಟ್ಟದ್ದು ಸಾಕಾಗಿತ್ತು. ಕತ್ತನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು, ಉದ್ದಕ್ಕೂ ನೋಡಿದಳು. ತಿರುಚಿರಲಿಲ್ಲ. ಬೆರಳು ಒತ್ತುವ ಲೋಹದ ಪಟ್ಟಿಗಳು ಸ್ವಲ್ಪ ಸವೆದಿದ್ದವು, ಮೊಂಡಾಗಿರಲಿಲ್ಲ. ಕತ್ತು ಬಾಗದಂತೆ ಒಳಗಿಟ್ಟ ಸರಳನ್ನು ಬಿಗಿ ಮಾಡುವ ತಿರುಪು ತಿರುಗುತ್ತಿತ್ತು. ಗುಜರಿಗೆ ಹೋಗುವ ಮಾಲು, ತಗೊಂಡು ಹೋಗು, ಆದರೆ ದನಿ ಬಂದರೆ ನನಗೂ ಕೇಳಿಸಬೇಕು ಎಂದ ಶಾಂತಪ್ಪ.

ಯಲ್ಲಾಲಿಂಗನ ಮುಂದೆ ಕತ್ತಿನ ಬುಡವನ್ನು ಗೂಡಿಗೆ ಇಳಿಸಿ ನೋಡಿದಳು. ದಪ್ಪ ಕತ್ತಿನ ಬುಡವೂ ಅಗಲ. ಬಾಗಿಲಿಗೆಂದು ಬಿಟ್ಟ ಮಳೆಗಾಲದ ಜಾಗವನ್ನೆಲ್ಲ ಅದು ತಿಂದುಹಾಕಿ, ಒಂದು ಬದಿಯಲ್ಲಿ ಮಾತ್ರ ಕಾಗದ ತೂರುವಷ್ಟು ಸಂದು ಉಳಿಸಿತ್ತು. ಗೂಡು ಸರಿಯಾಗಿ ಕೊರೆದಿದ್ದರೆ ಈ ಕತ್ತು ಒಳಗೆ ಇಳಿಯುತ್ತಲೇ ಇರಲಿಲ್ಲ.

"ನೋಡ್ರಿ ಮತ್ತ," ಎಂದ ಯಲ್ಲಾಲಿಂಗ, ಎಲ್ಲ ಗೊತ್ತಿದ್ದೇ ಮಾಡಿದವನ ಹಾಗೆ.

"ನಿನಗೇನು ಕನಸು ಬಿದ್ದಿತ್ತಾ?"

"ಕನಸ ನಿಮಗ ಬೀಳತಾವ್ರಿ. ನಮಗ ಬರೇ ಬಾಗಲಾ ಬೀಳತಾವ." ಹಾಗೆನ್ನುತ್ತಲೇ ಅದೇ ಹಲಗೆಯ ಉಳಿದ ತುಂಡಿನಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಚಕ್ಕೆ ಎಬ್ಬಿಸಿ, ಸಂದಿಗೆ ಅಂಟಿಸಿಕೊಟ್ಟ.

ಜೋಡಿಸಿದ್ದು ಚೌತಿಯ ಮುಂಚಿನ ರಜೆಯ ದಿನ, ಬೆಳಗಿನ ತಿಂಡಿಯಾದ ಮೇಲೆ, ಅಜ್ಜಿಯ ಮಂಚದ ಮೇಲೆ. ಅಪ್ಪನಿಗೆ ಕತ್ತಿನ ವಿಷಯ ಹೇಳಿರಲಿಲ್ಲ. ಹೇಳಿದರೆ ಮುಟ್ಟುವ ಮೊದಲೇ ಹೆದರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹಿಡಿದುಕೊಳ್ಳಲು ಒಂದು ಕೈ ಬೇಕು ಎಂದಷ್ಟೇ ಕರೆದಳು. ಅವನು ಬಂದು ಒಡಲನ್ನು ಒತ್ತಿ ಹಿಡಿದ. ಹಲಗೆಯ ಮೇಲೆ ಇನ್ನೂ ಉಳಿದಿದ್ದ ಚೂರಿಯ ಗೀರೊಂದನ್ನು ಗುರುತು ಹಿಡಿದು, ಇದು ಸುವರ್ಣಗಡ್ಡೆ ಕೊಚ್ಚಿದ್ದು ಎಂದ.

ಗೂಡಿನಲ್ಲಿ ಕತ್ತು ಕೂತಿತು. ಅಲುಗಲಿಲ್ಲ. ಆದರೂ ಮೊಳೆ ಹೊಡೆಯುವ ಅವಸರವಿಲ್ಲ. ಬುಡ ಒಂದು ಎಳೆಯಷ್ಟು ಓರೆಯಾದರೂ ತುದಿಯಲ್ಲಿ ಅದು ಬೆರಳಗಲ ಓರೆಯಾಗುತ್ತದೆ. ಅಜ್ಜಿಯ ದಾರವನ್ನು ಎರಡು ಎಳೆ ಮಾಡಿ, ಕತ್ತಿನ ತುದಿಯಿಂದ ಕೆಳಗೆ ತಂತಿ ಕಟ್ಟುವ ಸೇತುವೆ ಬರುವ ಜಾಗದವರೆಗೆ, ಎರಡು ಅಂಚಿಗೂ ಬಿಗಿಯಾಗಿ ಎಳೆದರು. ತುದಿಯನ್ನು ಅಜ್ಜಿಯೇ ಹಿಡಿದಳು. ಎಷ್ಟು ಜನ್ಮದ ಹೂ ಕಟ್ಟಿದ ಬೆರಳೋ, ದಾರ ಒಂದಿಷ್ಟೂ ಜೋಲಲಿಲ್ಲ. ಅಪ್ಪ ಒಂದು ಕಣ್ಣು ಮುಚ್ಚಿ ನೋಡಿದ.

"ಸ್ವಲ್ಪ ಈಚೆ. ಇನ್ನೂ ಒಂದು ಕೂದಲು. ಹ್ಞಾ, ಅಲ್ಲೇ."

ಎಷ್ಟೋ ವರ್ಷದ ಮೇಲೆ ಅವನ ಬಾಯಿಂದ ಗಿಟಾರಿನ ಬಗ್ಗೆ ಬಂದ ಮಾತು. ಅದನ್ನು ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಯಕ್ಷಿತಾ ಕತ್ತೂ ಒಡಲೂ ಅಲುಗದಂತೆ ಬಿಗಿಪಟ್ಟು ಹಾಕಿ, ಹಿಂದಿನಿಂದ ತೂತು ಕೊರೆದಳು. ಎಲ್ಲಿ ನಿಲ್ಲಿಸಬೇಕೆಂದು ಡ್ರಿಲ್ಲಿನ ಕಡ್ಡಿಗೆ ಕೆಂಪು ಟೇಪು ಸುತ್ತಿದ್ದಳು, ಅದನ್ನು ದಾಟಿದರೆ ಕತ್ತಿನ ಮುಖವೇ ಒಡೆಯುತ್ತದೆ. ತಿರುಪುಮೊಳೆಗಳಿಗೆ ಮೇಣದ ಬತ್ತಿ ಉಜ್ಜಿದಳು. ತೆಂಗಿನೆಣ್ಣೆ ಹಾಕಬಾರದಾ ಎಂದು ಅಮ್ಮ ಒಳಗಿನಿಂದ ಕೇಳಿದಳು. ಗಿಟಾರಿಗೆ ಜಡೆ ಹಾಕುವುದಿಲ್ಲ ಅಮ್ಮಾ ಎಂದಳು ಮಗಳು. ಮೊಳೆಗಳು ಒಂದರ ಎದುರು ಒಂದರಂತೆ, ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿದವು. ಕೊನೆಯ ತಿರುವಿಗೆ ಹಲಸು ಸಣ್ಣಗೆ ಕಿರ್ರೆಂದಿತು. ಆಮೇಲೆ ಮರ ಯಾವುದು, ಕತ್ತು ಯಾವುದು ಎಂದು ಬೆರಳಿಗೆ ತಿಳಿಯಲಿಲ್ಲ.

ಸೇತುವೆಯ ಜಾಗಕ್ಕೂ ದಾರವೇ ಆಯಿತು. ತಂತಿಯ ಉದ್ದದ ದಾರವನ್ನು ಎರಡಾಗಿ ಮಡಚಿದರೆ ಮಡಿಕೆ ಹನ್ನೆರಡನೆಯ ಪಟ್ಟಿಯ ಮೇಲೆ ಬೀಳಬೇಕು. ಬಿತ್ತು. ಸೇತುವೆ ಕೂತಿತು. ಮೊದಲೇ ಬೆಸೆದಿಟ್ಟಿದ್ದ ವೈರುಗಳು ಸೇರಿದವು. ತಂತಿಗಳು ಒಂದೊಂದಾಗಿ ಏರಿದವು. ಸೆಟ್ಟಿನಿಂದ ಎರವಲು ತಂದ ಸಣ್ಣ ಆಂಪ್ಲಿಫೈಯರನ್ನು ಅಜ್ಜಿಯ ಎಡಗಿವಿಯ ಪಕ್ಕಕ್ಕೆ, ದಿಂಬಿನ ಮೇಲೆ ಇಟ್ಟರು.

ಯಕ್ಷಿತಾ ಗಿಟಾರನ್ನು ಅಪ್ಪನ ತೊಡೆಯ ಮೇಲಿಟ್ಟು ದೂರ ಸರಿದಳು.

ದೂಜ ಎಡಗೈಯನ್ನು ಲುಂಗಿಗೆ ಒರೆಸಿದ, ಮತ್ತೊಮ್ಮೆ ಒರೆಸಿದ. ಆಮೇಲೆ, ಗಾಡಿ ಹೊರಡುವಾಗ ಕಂಬ ಹಿಡಿಯುವವನ ಹಾಗೆ, ನೋಡದೆಯೇ ಹಿಡಿದ. ಅಂಗೈ ತುಂಬಿತು. ಬೆರಳುಗಳು ಮಡಚಬೇಕಾದಷ್ಟೇ ಮಡಚಿ, ತಂತಿಯ ಮೇಲೆ ಹೋಗಿ ಕೂತವು. ಅವನು ತಲೆ ಬಗ್ಗಿಸಿ ತನ್ನ ಕೈಯನ್ನೇ ನೋಡಿದ, ಅದು ಬೇರೆ ಯಾರದ್ದೋ ಎಂಬ ಹಾಗೆ.

"ಇದು ಎಲ್ಲಿ ಸಿಕ್ಕಿತು?"

"ನಿನ್ನ ಲೋಕಲಿನಲ್ಲಿ," ಎಂದಳು ಮಗಳು.

ಅವನಿಗೆ ಅರ್ಥವಾಗಲಿಲ್ಲ. ಕೇಳಲು ಪುರಸೊತ್ತೂ ಇರಲಿಲ್ಲ. ಬಲಗೈ ಆಗಲೇ ತಂತಿಗೆ ಇಳಿದಿತ್ತು. ಮೊದಲ ಸ್ವರಕ್ಕೆ ಪಾತ್ರೆಯ ಗೂಡಿನ ಲೋಟಗಳು ಝಣಗುಟ್ಟಿದವು. ಎರಡನೆಯದು ಒಂದಿಷ್ಟು ತಪ್ಪಿತು. ಅವನು ನಿಲ್ಲಿಸದೆ ಮುಂದಿನದಕ್ಕೆ ಹೋದ. ಜೋಗುಳ ಕುಂಟುತ್ತಾ ಹೊಸ್ತಿಲು ದಾಟಿ, ಆಮೇಲೆ ನಡೆಯತೊಡಗಿತು.

ಅಜ್ಜಿ ಕಣ್ಣು ಮುಚ್ಚಿದ್ದಳು. ಮತ್ತೆ ತೂಕಡಿಸಿಬಿಟ್ಟಳೇನೋ ಎಂದು ಯಕ್ಷಿತಾ ಬಗ್ಗಿ ನೋಡಿದಳು. ಅಜ್ಜಿಯ ಕೈ ಮಂಚದ ಮೇಲೆ ತಡವುತ್ತಾ ಬಂದು, ಹಲಸಿನ ಒಡಲನ್ನು ಮುಟ್ಟಿ, ಅದು ನಡುಗುವುದನ್ನು ಒಂದಿಷ್ಟು ಹೊತ್ತು ಕೇಳಿ, ಅಲ್ಲಿಂದ ಮೇಲಕ್ಕೆ ಹರಿದು ಗೂಡು ದಾಟಿ ಮಗನ ಬೆರಳುಗಳ ಹತ್ತಿರ ನಿಂತಿತು.

"ಓ," ಎಂದಳು ಅಜ್ಜಿ. "ಸಿಕ್ಕಿತಲ್ಲ ಕತ್ತು."